ಹುಲಿ ಸೀಮೆಯಲ್ಲಿ ಮಾದಪ್ಪನ ಮೇಲೆ ಭಾರ ಹಾಕಿ ಬದುಕಬಹುದೇ?

ಪರ: ಹುಲಿಯೂ ಅವನದೇ

ಹನೂರಿನ ಕಾಡಂಚಿನಲ್ಲಿ ದನ ಮೇಯಿಸುವವರು ಬೆಳಗ್ಗೆ ದೊಡ್ಡಿಯ ಪಡಿ ತೆಗೆಯುವಾಗ ಮಲೆ ಮಹದೇಶ್ವರನನ್ನು ನೆನೆದು ‘ಮಾದಪ್ಪಾ, ನೀನೇ ಕಾಪಾಡಪ್ಪ’ ಅಂದುಕೊಂಡೇ ತೆಗೆಯುತ್ತಾರೆ. ಪೇಟೆಯವರಿಗೆ ಇದು ಕೈಲಾಗದವರ ಮಾತು ಅನ್ನಿಸಬಹುದು. ಆದರೆ ಹುಲಿ ಒಂದು ದಿನ ಬಂದು ಹೋಗುವ ಆಪತ್ತಲ್ಲ. ಇವತ್ತು ಹೊಲದ ಬದುವಿನಲ್ಲಿ ಹೆಜ್ಜೆ ಗುರುತು, ನಾಳೆ ಪಕ್ಕದೂರಿನ ಕರು. ವರ್ಷವಿಡೀ ಹೆದರಿಕೊಂಡೇ ಇರುವುದು ಯಾವ ಜೀವಕ್ಕೂ ಆಗದು. ಕಾಡಿಗೆ ಕಾಲಿಡಲು ಧೈರ್ಯ ಎಲ್ಲಿಂದಲಾದರೂ ಬರಬೇಕಲ್ಲ?

ಮಲೆ ಮಹದೇಶ್ವರನ ವಾಹನ ಹುಲಿ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪ ಹುಲಿಯ ಬೆನ್ನೇರಿ ಏಳುಮಲೆ ಸುತ್ತುವವನು. ಆ ಹಾಡು ಕೇಳಿ ಬೆಳೆದವರು ಕಾಡಿನಲ್ಲಿ ಹುಲಿ ಕಂಡರೆ ‘ಅದೂ ಮಾದಪ್ಪನದೇ ಕಣ, ಬುಡು’ ಎಂದು ದಾರಿ ಬಿಟ್ಟು ನಡೆದಿದ್ದಾರೆ. ಅಂಥ ಮಾದಪ್ಪನ ಬೆಟ್ಟದ ಕಾಡಿನಲ್ಲೇ 2025ರ ಜೂನ್‌ನಲ್ಲಿ ಹಸು ಕಳೆದುಕೊಂಡ ಸಿಟ್ಟಿಗೆ, ಸತ್ತ ಹಸುವಿನ ಮೈಗೆ ವಿಷ ಹಾಕಲಾಯಿತು. ತಾಯಿ ಹುಲಿಯ ಜೊತೆ ಅದರ ನಾಲ್ಕು ಮರಿಗಳೂ ಸತ್ತವು. ಆ ಸುದ್ದಿ ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಹಸು ಹೋದರೆ ಹೊಟ್ಟೆ ಉರಿಯುವುದು ಸಹಜ. ನಂಬಿಕೆ ಉಳಿದಿರುವ ಕಡೆ ಆ ಉರಿಯನ್ನು ತೆಗೆದುಕೊಂಡು ಹೋಗಿ ಇಳಿಸಲು ಒಂದು ಗುಡಿ ಇರುತ್ತದೆ.

ನಂಬಿದವರು ಮೈಮರೆಯುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಿರಿಯರು ಹರಕೆಯನ್ನೂ ಹೊತ್ತರು, ಹೊತ್ತು ಮುಳುಗುವ ಮೊದಲೇ ದನವನ್ನೂ ಹೊಡೆದುಕೊಂಡು ಬಂದರು.

ವಿರೋಧ: ಸತ್ತವನ ಮನೆಯಲ್ಲಿ ಕೇಳಿ

ನಾನೂ ಮಾದಪ್ಪನ ಒಕ್ಕಲೇ. ಆದರೂ ಭಾರವೆಲ್ಲ ಅವನ ಮೇಲೆ ಹಾಕಿ ಕೂರುವುದು ನನ್ನಿಂದಾಗದು.

ಹುಲಿ ಹೊಡೆದು ಸತ್ತವನ ಮನೆ ಮುಂದೆ ಜನ ಸೇರಿದಾಗ ಮೆಲ್ಲಗೆ ಒಂದು ಮಾತು ಏಳುತ್ತದೆ: ‘ಹರಕೆ ತೀರಿಸಿರಲಿಲ್ಲವಂತೆ, ಮಾದಪ್ಪ ಮುನಿದನಂತೆ.’ ಕಾಯುವವನು ದೇವರೇ ಆದರೆ, ಕಾಯದೆ ಹೋದದ್ದಕ್ಕೂ ಒಂದು ಕಾರಣ ಬೇಕಾಗುತ್ತದೆ. ಅದನ್ನು ಸತ್ತವನ ತಲೆಗೆ ಕಟ್ಟುತ್ತಾರೆ, ಇಲ್ಲವೇ ಕುಂಕುಮ ಅಳಿಸಿಕೊಂಡು ಕೂತಿರುವ ಅವನ ಹೆಂಡತಿಯ ತಲೆಗೆ. ಗಂಡನನ್ನು ಕಳೆದುಕೊಂಡ ದಿನವೇ ಅವಳು ಅಪರಾಧಿಯೂ ಆಗಬೇಕೆ? ಈ ಕ್ರೌರ್ಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ದೇಶಕ್ಕೇ ಎರಡನೆಯ ಸ್ಥಾನ. ಆ ಲೆಕ್ಕವನ್ನು ಹೆಮ್ಮೆಯಿಂದ ಹೇಳುವ ಸರ್ಕಾರವೇ ಕಾಡಂಚಿನ ಜನರ ಲೆಕ್ಕವನ್ನೂ ಹೊರಬೇಕು. 2025ರಲ್ಲಿ ಮೈಸೂರು ಜಿಲ್ಲೆಯ ಸರಗೂರು ಸೀಮೆಯಲ್ಲಿ ರೈತರು ಹುಲಿಗೆ ಬಲಿಯಾದರು, ಊರವರು ಬೀದಿಗಿಳಿದರು. ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಂತಿತು. ‘ಎಲ್ಲ ಅವನಿಚ್ಛೆ’ ಅಂದುಕೊಂಡು ಮನೆಯಲ್ಲೇ ಕೂತಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ವಿಷ ಹಾಕಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಮರಿಗಳಿಗಾಗಿ ನನಗೂ ಸಂಕಟವಾಗಿದೆ. ಆದರೆ ಅದಕ್ಕೆ ಭಕ್ತಿ ಕಡಿಮೆಯಾದದ್ದೇ ಕಾರಣ ಅನ್ನುವುದು ಸರಿಯಲ್ಲ. ಹಾಲು ಕರೆಯುವ ಹಸು ಹೋದರೆ ಪರಿಹಾರ ಅದೇ ವಾರ ಕೈಸೇರುತ್ತದೆ ಎಂಬ ಭರವಸೆ ಹುಟ್ಟಲಿ. ಬಯಲಿಗೆ ಹೋಗುವ ಹೆಂಗಸರಿಗೆ ಮನೆ ಪಕ್ಕದಲ್ಲೇ ಕಕ್ಕಸಾಗಲಿ. ಹುಲಿ ಸುಳಿದಾಡಿದ ಸುದ್ದಿ ಅರಣ್ಯ ಇಲಾಖೆಯಿಂದ ಊರಿಗೆ ಆಗಲೇ ಮುಟ್ಟಲಿ.

ದೀಪಾವಳಿ ಜಾತ್ರೆಗೆ ನಾನೂ ಬೆಟ್ಟ ಹತ್ತುತ್ತೇನೆ, ದೊಡ್ಡಿಗೆ ಕಬ್ಬಿಣದ ಬಾಗಿಲು ಹಾಕಿಸಿದ ಮೇಲೆ.