ಕಲಬುರಗಿಯ ಗಡಿಗೆಯೂ ಗೆದ್ದಿತು, ಮಂಗಳೂರಿನವರೂ ಸೋಲಲಿಲ್ಲ

ಮಡಕೆ ನೀರು ಯಾಕೆ ತಂಪು ಅನ್ನುವ ಲೇಖನ ಚೆನ್ನಾಗಿದೆ. ಅದರ ಕೆಳಗೆ ಕಾಮೆಂಟುಗಳಲ್ಲಿ ನಡೆದಿರುವ ಜಗಳ ಓದಿ ಇನ್ನೂ ಖುಷಿಯಾಯಿತು! ಕಲಬುರಗಿಯವರು ‘ನಮ್ಮ ಗಡಿಗೆ ಇದ್ದರೆ ಫ್ರಿಜ್ ಯಾಕ್ರೀ’ ಅಂತಾರೆ. ಮಂಗಳೂರಿನವರು ‘ನಮ್ಮಲ್ಲಿ ಅಷ್ಟೇನೂ ತಂಪಾಗುವುದಿಲ್ಲ ಮಾರಾಯ್ರೆ’ ಅಂತಾರೆ. ಇಬ್ಬರದೂ ಸರಿ.

ಮಡಕೆಯ ಮೈತುಂಬ ಕಣ್ಣಿಗೆ ಕಾಣದ ತೂತುಗಳಿವೆ. ನೀರು ಅವುಗಳಿಂದ ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಹಾಗೆ ಆರಿಹೋಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಷ್ಟೇ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು, ಯೋಚಿಸಿ! ಆ ಶಾಖದ ದೊಡ್ಡ ಪಾಲು ಮಡಕೆ ಮತ್ತು ಒಳಗಿನ ನೀರಿನಿಂದಲೇ ಹೋಗುತ್ತದೆ. ಅದಕ್ಕೇ ತಂಪು.

ಕಲಬುರಗಿಯ ಬೇಸಿಗೆ ಗಾಳಿ ಒಣ, ನೀರನ್ನು ಬೇಗ ಹೀರುತ್ತದೆ. ಮಂಗಳೂರಿನ ಗಾಳಿಯಲ್ಲಿ ಕಡಲಿನ ತೇವ ಮೊದಲೇ ತುಂಬಿದೆ. ನಮ್ಮ ಬೆವರೇ ಅಲ್ಲಿ ಆರುವುದಿಲ್ಲ, ಇನ್ನು ಮಡಕೆಯ ಬೆವರು ಆರುತ್ತದಾ? ಗಾಳಿಯಾಡುವ ಕಿಟಕಿ ಹತ್ತಿರ ಇಟ್ಟು ನೋಡಿ, ಸ್ವಲ್ಪ ವ್ಯತ್ಯಾಸ ಗೊತ್ತಾಗುತ್ತದೆ.

ಬಣ್ಣ ಬಳಿದ ಚಂದದ ಮಡಕೆ ತಂದು ‘ನೀರು ತಂಪೇ ಆಗ್ತಿಲ್ಲ’ ಅಂದ ಅಕ್ಕಾ, ಆ ಬಣ್ಣವೇ ತೂತು ಮುಚ್ಚಿರಬೇಕು. ಅದರಲ್ಲಿ ಗಿಡ ನೆಡಿ, ನೀರಿಗೆ ಬರೀ ಮಣ್ಣಿನದು ತನ್ನಿ. ತೊಳೆಯುವಾಗ ಸೋಪು ಬೇಡ, ಮಣ್ಣು ಹೀರಿಕೊಂಡರೆ ನೀರಿಗೂ ಆ ವಾಸನೆ ಬರುತ್ತದೆ. ತೆಂಗಿನ ನಾರು ಸಾಕು.

ಕಲಬುರಗಿಯವರೇ, ಒಂದು ಪ್ರಶ್ನೆ. ನೀವು ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತೀರಾ, ಹಾಗೇ ಬಿಡುತ್ತೀರಾ?