ಹತ್ತು ಸೆಕೆಂಡಿನ ಆಂಟೊನಿಯೆಟಾ

ನಿನ್ನೆ ಆಫೀಸಲ್ಲಿ ಎರಡು ಗಂಟೆ ಕೂರಿಸಿ ಸಾಧಕಿಯರ ಸ್ಲೈಡ್ ತೋರಿಸಿದರು. ಮಧ್ಯದಲ್ಲೆಲ್ಲೋ ಆಂಟೊನಿಯೆಟಾ ದೆ ಬಾರೊಸ್ ಬಂದಳು. ಹಳೇ ಕಪ್ಪು ಬಿಳುಪು ಫೋಟೊ, ಕೆಳಗೆ ಒಂದೇ ಸಾಲು: ಬ್ರೆಜಿಲ್‌ನಲ್ಲಿ ರಾಜ್ಯ ಶಾಸನಸಭೆ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆ. ಹತ್ತು ಸೆಕೆಂಡು. ಚಪ್ಪಾಳೆ. ಮುಂದಿನ ಸ್ಲೈಡ್.

ಮೊದಲನೆಯವಳು, ಸರಿ. ಆಮೇಲೆ? ಹೋಗಿ ಸುಮ್ನೆ ಕುರ್ಚಿ ಬಿಸಿ ಮಾಡಿ ಬಂದಳಾ?

ನಮ್ಮ ಟೀಮಲ್ಲಿ ಬ್ರೆಜಿಲ್‌ನ ಫ್ಲೊರಿಯಾನೊಪೊಲಿಸ್ ಊರಿನ ಹುಡುಗ ಒಬ್ಬ ಇದ್ದಾನೆ. ಆಕೆಯೂ ಅದೇ ಊರಿನವಳು. ಕೇಳಿದೆ. ‘ಓ ಗೊತ್ತು, ಅದು ನಮ್ಮೂರಿನ ಸುರಂಗದ ಹೆಸರಲ್ವಾ?’ ಅಂದ. ನಿಜ, ಅಲ್ಲೊಂದು ಸುರಂಗಕ್ಕೆ ಆಕೆಯ ಹೆಸರಿದೆ. ಹಾರ್ನ್ ಹೊಡೆದುಕೊಂಡು ದಾಟಿ ಹೋಗೋದಕ್ಕೆ.

ನಮ್ಮಮ್ಮನೂ ಟೀಚರ್ ಆಗಿದ್ದವಳು. ಟೀಚರ್‌ಗಳ ವಿಷಯ ಬಂದರೆ ನನಗೆ ಬೇಗ ಪಿತ್ತ ನೆತ್ತಿಗೇರುತ್ತದೆ, ಸಹಿಸ್ಕೊಳ್ಳಿ.

ಆಂಟೊನಿಯೆಟಾ ಹುಟ್ಟಿದ್ದು 1901ರಲ್ಲಿ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಹೋಗಿ ಬರೀ 13 ವರ್ಷ ಆಗಿತ್ತು. ಅಮ್ಮ ಕತರೀನಾ ಗುಲಾಮಗಿರಿಯಿಂದ ಬಿಡುಗಡೆಯಾದವಳು. ಊರವರ ಬಟ್ಟೆ ಒಗೆದು ಒಬ್ಬಳೇ ಮಕ್ಕಳನ್ನು ಸಾಕಿದಳು. ಮಗಳು ಓದಿ ಟೀಚರ್ ಆದಳು. ಆದವಳು ಸುಮ್ಮನೆ ಕೂತಳಾ? 1922ರಲ್ಲಿ ಬಡವರಿಗೆ ಅಕ್ಷರ ಕಲಿಸೋ ತರಗತಿ ತೆರೆದಳು. ಅದೇ ವರ್ಷ ಒಂದು ಪತ್ರಿಕೆಯನ್ನೂ ಶುರು ಮಾಡಿದಳು. ‘ಮರಿಯಾ ದ ಇಲ್ಯಾ’, ಅಂದ್ರೆ ದ್ವೀಪದ ಮರಿಯಾ, ಅಂತ ಹೆಸರಿಟ್ಟುಕೊಂಡು ಬರೆದಳು. ಇದ್ಯಾವುದಕ್ಕೂ ಸ್ಲೈಡಿನಲ್ಲಿ ಜಾಗ ಇಲ್ಲ. ‘ಮೊದಲ’ ಅನ್ನೋ ಪದಾನೇ ಅಷ್ಟೂ ಜಾಗ ತಿಂದು ಹಾಕಿದೆ.

ಅಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದೇ 1932ರಲ್ಲಿ. ಈಕೆ 1934ರ ಚುನಾವಣೆಗೆ ನಿಂತು, ಮುಂದಿನ ವರ್ಷ ಸಾಂತಾ ಕತರೀನಾ ರಾಜ್ಯದ ಸದನದಲ್ಲಿ ಕೂತಳು. ಜರ್ಮನಿ, ಇಟಲಿಯಿಂದ ಬಂದು ನೆಲೆಸಿದವರೇ ಜಾಸ್ತಿ ಇರೋ ರಾಜ್ಯ ಅದು. 1937ರಲ್ಲಿ ದೇಶದ ಅಧ್ಯಕ್ಷ ವರ್ಗಾಸ್ ಸರ್ವಾಧಿಕಾರಿಯಾಗಿ ಶಾಸನಸಭೆಗಳನ್ನೇ ಮುಚ್ಚಿಸಿದ. ಈಕೆ ವಾಪಸ್ ಪಾಠ ಮಾಡೋಕೆ ಹೋದಳು. 1947ರ ಚುನಾವಣೆ ಆದ ಮೇಲೆ ಮತ್ತೆ ಸದನಕ್ಕೆ ಬಂದಳು.

ಒಬ್ಬ ಮಿತ್ರರು ಆಗಲೇ ಇನ್‌ಬಾಕ್ಸಲ್ಲಿ ಬಂದು ತಿದ್ದಿದ್ದಾರೆ. ಆಕೆಯ ಅಮ್ಮ ಕೆಲಸಕ್ಕಿದ್ದದ್ದು ರಾಜಕಾರಣಿ ರಾಮೋಸ್ ಕುಟುಂಬದ ಮನೆಯಲ್ಲಿ, ದೊಡ್ಡವರ ಕೃಪೆಯಿಂದ ಮೇಲೆ ಬಂದಳು, ಅಂತ. ಇರಬಹುದು. ಹಾಗಾದ್ರೆ ದೊಡ್ಡವರ ಮನೇಲಿ ಪಾತ್ರೆ ತೊಳೆದವರ ಮಕ್ಕಳೆಲ್ಲ ಶಾಸಕರಾಗಿಬಿಟ್ಟರಾ ಸ್ವಾಮಿ? ಕೃಪೆ ಬಾಗಿಲು ತೆಗೆಸಬಹುದು. ಒಳಗೆ ಹೋಗಿ ಮಾತಾಡಬೇಕಾದವಳು ಈಕೆಯೇ ತಾನೆ? ಕೊನೆಗಾಲದಲ್ಲೂ ಒಬ್ಬ ಶಾಸಕ ಈಕೆ ಬರೆದದ್ದನ್ನು ಗುಲಾಮರ ಕೇರಿಯ ಚಾಡಿಮಾತು ಅನ್ನೋ ಅರ್ಥದಲ್ಲಿ ಹೀಯಾಳಿಸಿದ. ಆಗ ಕೃಪೆ ಎಲ್ಲಿ ಹೋಗಿತ್ತೋ.

ಇನ್ನೊಂದು ಒಪ್ಪಿಕೊಳ್ಳಬೇಕು. ನಿನ್ನೆ ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಇಷ್ಟೆಲ್ಲ ಹುಡುಕಿ ಓದಿದ್ದು ರಾತ್ರಿ, ಹೊಟ್ಟೆ ಉರಿದ ಮೇಲೆ.

ಓದುವಾಗ ಸಿಕ್ಕಿದ್ದು ಇದು. 1948ರಲ್ಲಿ ಈಕೆ ತಂದ ಕಾನೂನಿನಿಂದಲೇ ಆ ರಾಜ್ಯದಲ್ಲಿ ಅಕ್ಟೋಬರ್ 15 ಶಿಕ್ಷಕರ ದಿನ ಆಯಿತು. 1963ರಲ್ಲಿ ಅದು ಇಡೀ ದೇಶಕ್ಕೇ ಬಂತು. ಅದನ್ನು ನೋಡೋಕೆ ಈಕೆ ಇರಲಿಲ್ಲ, 1952ರಲ್ಲೇ ತೀರಿಕೊಂಡಿದ್ದಳು. ನಮ್ಮ ಹುಡುಗನೂ ಪ್ರತಿ ವರ್ಷ ಅವತ್ತು ತನ್ನ ಟೀಚರ್ ಫೋಟೊ ಸ್ಟೇಟಸ್ ಹಾಕ್ತಾನೆ. ಅದು ಯಾರು ಕೊಟ್ಟ ದಿನ ಅಂತ ಗೊತ್ತಿಲ್ಲ. ಸುರಂಗ ಮಾತ್ರ ಗೊತ್ತು.

ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗುಲಾಮಗಿರಿ, ಪತ್ರಿಕೆ, ಸದನ, ಎಲ್ಲ. ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

‘ಅವತ್ತು ಶಾಲೆಗೆ ರಜೆನಾ?’

ಹೌದಮ್ಮ, ಕಾನೂನಲ್ಲೇ ರಜೆ ಬರೆಸಿದ್ದಾಳೆ ಅಂದೆ.

‘ನಮಗೆ ಸೆಪ್ಟೆಂಬರ್ 5ಕ್ಕೆ ಹಾರ ಹಾಕಿಸ್ಕೊಂಡು ಸಂಜೆವರೆಗೂ ಅಲ್ಲೇ ಕೂತಿರಬೇಕಿತ್ತು ಕಣೋ’ ಅಂದಳು. ಆಮೇಲೆ ಹೆಸರು ಇನ್ನೊಂದ್ಸಲ ಹೇಳು ಅಂದಳು, ಬರ್ಕೊಳ್ತೀನಿ ಅಂತ.