ಗ್ರೆನಡಾದಲ್ಲಿ ನಡೆಯದೇ ಹೋದ ಚುನಾವಣೆ

ಗ್ರೆನಡಾ ಎಂದೊಡನೆ 1983ರ ಅಕ್ಟೋಬರ್ 25ರ ಅಮೆರಿಕದ ದಾಳಿಯನ್ನು ನೆನೆಯುತ್ತೇವೆ. ಅದಕ್ಕೆ ಆರು ದಿನ ಮುಂಚೆ ನಡೆದದ್ದರ ಬಗ್ಗೆ ಎಡಪಂಥೀಯ ಗೆಳೆಯರು ಬಾಯಿ ಬಿಡುವುದು ಅಪರೂಪ. ಆ ಮೌನ ನನಗೆ ಸಹಿಸಲಾಗದು.

ಜಾಯಿಕಾಯಿಗೆ ಹೆಸರಾದ, ಲಕ್ಷದ ಆಸುಪಾಸು ಜನರಿರುವ ಈ ಕೆರಿಬಿಯನ್ ದ್ವೀಪ 1974ರ ಫೆಬ್ರುವರಿ 7ರಂದು ಬ್ರಿಟಿಷರಿಂದ ಬಿಡುಗಡೆಯಾಯಿತು. ಮೊದಲ ಪ್ರಧಾನಿ ಎರಿಕ್ ಗೇರಿ. 1951ರಲ್ಲಿ ತೋಟದ ಕೂಲಿಗಳ ಮುಷ್ಕರ ಕಟ್ಟಿದ ನಾಯಕ ಅವರು, ಆ ಋಣವನ್ನು ಅಲ್ಲಗಳೆಯಲಾಗದು. ಆದರೆ ಅಧಿಕಾರ ಕೈಗೆ ಬಂದ ಮೇಲೆ 'ಮುಂಗುಸಿ ಪಡೆ' ಎಂದೇ ಜನ ಕರೆಯುತ್ತಿದ್ದ ಗೂಂಡಾಗಳನ್ನು ಸಾಕಿದರು. ಸ್ವಾತಂತ್ರ್ಯಕ್ಕೆ ಎರಡೇ ವಾರವಿದ್ದಾಗ, ಗೇರಿ ವಿರೋಧಿ ಪ್ರತಿಭಟನೆಯ ದಿನ ರೂಪರ್ಟ್ ಬಿಷಪ್ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಮಗ, ವಕೀಲ ಮಾರಿಸ್ ಬಿಷಪ್, 1979ರ ಮಾರ್ಚ್ 13ರಂದು ಗೇರಿ ವಿದೇಶದಲ್ಲಿದ್ದಾಗ ತಮ್ಮ ಎಡಪಂಥೀಯ ಪಕ್ಷದೊಡನೆ ಕ್ರಾಂತಿ ನಡೆಸಿ ಅಧಿಕಾರ ಹಿಡಿದು ಪ್ರಧಾನಿಯಾದರು.

ಬಿಷಪ್ ಅವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಾಕ್ಷರತಾ ಆಂದೋಲನ, ಹೆರಿಗೆ ರಜೆಯ ಕಾನೂನು, ದೊಡ್ಡ ವಿಮಾನ ನಿಲ್ದಾಣದ ಕಾಮಗಾರಿ, ಎಲ್ಲವೂ ನಾಲ್ಕೂವರೆ ವರ್ಷಗಳಲ್ಲಿ. ಆದರೆ ಸಂವಿಧಾನವನ್ನು ಅಮಾನತಿನಲ್ಲಿಟ್ಟರು, ಪತ್ರಿಕೆ ಮುಚ್ಚಿಸಿದರು, ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಟ್ಟರು. ಮಾತು ಕೊಟ್ಟ ಚುನಾವಣೆ ನಡೆಯಲೇ ಇಲ್ಲ. ನಡೆಸಿದ್ದರೆ ಅವರೇ ಗೆಲ್ಲುತ್ತಿದ್ದರು ಎಂಬುದು ನನ್ನ ದೃಢ ನಂಬಿಕೆ. ಜನರ ಮತ ಬೆನ್ನಿಗಿದ್ದಿದ್ದರೆ, ಪಕ್ಷದ ಕೇಂದ್ರ ಸಮಿತಿಯ ನಾಲ್ಕಾರು ಮಂದಿ ಮುಚ್ಚಿದ ಕೋಣೆಯಲ್ಲಿ ಕುಳಿತು ಪ್ರಧಾನಿಯನ್ನು ಗೃಹಬಂಧನಕ್ಕೆ ತಳ್ಳುವುದು ಇಷ್ಟು ಸುಲಭವಾಗುತ್ತಿತ್ತೇ?

ಉಪಪ್ರಧಾನಿ ಬರ್ನಾರ್ಡ್ ಕೋರ್ಡ್ ಬಣ ಮಾಡಿದ್ದು ಅದನ್ನೇ. ಅಕ್ಟೋಬರ್ 19ರಂದು ಸಾವಿರಾರು ಜನ ನುಗ್ಗಿ ಬಿಷಪ್ ಅವರನ್ನು ಬಿಡಿಸಿ ಕೋಟೆಗೆ ಕರೆದೊಯ್ದರು. ಅವರ ತಂದೆಯ ಹೆಸರನ್ನೇ ಹೊತ್ತ ಫೋರ್ಟ್ ರೂಪರ್ಟ್ ಅದು. ಅಲ್ಲಿಯೇ ಗೋಡೆಗೆ ನಿಲ್ಲಿಸಿ ಬಿಷಪ್, ಶಿಕ್ಷಣ ಸಚಿವೆಯಾಗಿದ್ದ ಜಾಕ್ವೆಲಿನ್ ಕ್ರೆಫ್ಟ್ ಸೇರಿದಂತೆ ಎಂಟು ಮಂದಿಯನ್ನು ಕೊಂದದ್ದು ಕ್ರಾಂತಿಯದೇ ಸೈನಿಕರು. ಅಮೆರಿಕದ ಅಧ್ಯಕ್ಷ ರೇಗನ್ ಕಾಯುತ್ತಿದ್ದ ಬಾಗಿಲು ಆ ದಿನವೇ ತೆರೆಯಿತು.

ಇದರಿಂದ ಅಮೆರಿಕದ ದಾಳಿ ಸರಿಯಾಗುವುದಿಲ್ಲ. ಅವರ ಬಾಂಬಿಗೆ ಮಾನಸಿಕ ಆಸ್ಪತ್ರೆಯ ರೋಗಿಗಳೂ ಸತ್ತರು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 108 ದೇಶಗಳು ದಾಳಿಯನ್ನು ಖಂಡಿಸಿ ಮತ ಹಾಕಿದವು, ಅದು ನ್ಯಾಯವೇ. ಆದರೆ ಹೊರಗಿನವರ ಅಪರಾಧವನ್ನು ತೋರಿಸಿ ಒಳಗಿನವರ ಕೊಲೆಗಳನ್ನು ಮರೆಸುವುದನ್ನು ನಾನು ಒಪ್ಪುವುದಿಲ್ಲ.

2009ರಲ್ಲಿ ಆ ವಿಮಾನ ನಿಲ್ದಾಣಕ್ಕೆ ಮಾರಿಸ್ ಬಿಷಪ್ ಹೆಸರಿಟ್ಟರು. ಅವರ ಪಾರ್ಥಿವ ಶರೀರ ಮಾತ್ರ ಇಂದಿಗೂ ಪತ್ತೆಯಾಗಿಲ್ಲ. ಶವಗಳನ್ನು ಸಾಗಿಸಿದವರೂ, ಆಮೇಲೆ ದ್ವೀಪವನ್ನು ವಶಕ್ಕೆ ಪಡೆದ ಅಮೆರಿಕದ ಸೇನೆಯೂ ಆ ಎಂಟು ಕುಟುಂಬಗಳಿಗೆ ಉತ್ತರ ಕೊಡಲೇಬೇಕು.